ಎರಡನೆಯ ಗುಡ್ಡೆ

ಕಡಲೆಕಾಯಿ ತಿನ್ನುವವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಹುರಿದ ಕಾಯಿಯನ್ನು ಒಂದೊಂದಾಗಿ ಸುಲಿದು, ಮಾತಿನ ಗುಂಗಿನಲ್ಲಿ ಬಾಯಿಗೆ ಎಸೆದುಕೊಳ್ಳುತ್ತಿರುವಾಗ ಎಲ್ಲಿಂದಲೋ ಒಂದು ಕಹಿ ಬೀಜ ಹಲ್ಲಿಗೆ ಸಿಕ್ಕಿಬಿಡುತ್ತದೆ. ಅಷ್ಟು ಹೊತ್ತಿನ ಸವಿಯೆಲ್ಲ ಒಂದೇ ಕ್ಷಣದಲ್ಲಿ ಮಾಯ. ಮುಖ ಕಿವಿಚಿ ಉಗುಳುತ್ತೇವೆ. ಕಹಿ ಹೋಗಲೆಂದು ಇನ್ನೂ ನಾಲ್ಕು ಬೀಜ ತಿನ್ನುತ್ತೇವೆ. ಮಾತು ಮತ್ತೆ ಮುಂದುವರಿಯುತ್ತದೆ. ಉಗುಳಿದ ಬೀಜವನ್ನು ಕುರಿತು ಯೋಚಿಸುವವರು ವಿರಳ.

ನಮ್ಮ ಅಜ್ಜಿ ಯೋಚಿಸುತ್ತಿದ್ದರು. ಸುಗ್ಗಿಯ ಕೆಲಸ ಮುಗಿದ ಮೇಲೆ ಮೊರ ಹಿಡಿದು ಜಗಲಿಯಲ್ಲಿ ಕುಳಿತರೆಂದರೆ ಅವರ ಬೆರಳುಗಳು ತಾವಾಗಿಯೇ ಎರಡು ಗುಡ್ಡೆ ಮಾಡುತ್ತಿದ್ದವು. ದುಂಡಗಿನ, ಗುಲಾಬಿ ಬಣ್ಣದ ಬೀಜ ಒಂದು ಕಡೆ. ಮುರುಟಿದ್ದು, ಕಪ್ಪಾದದ್ದು, ಸಿಪ್ಪೆಯೊಳಗೇ ಬೂಷ್ಟು ಹಿಡಿದದ್ದು ಇನ್ನೊಂದು ಕಡೆ. ಮೊದಲನೆಯ ಗುಡ್ಡೆ ಬಿತ್ತನೆಗೆ, ಮಾರಾಟಕ್ಕೆ, ನೆಂಟರಿಷ್ಟರಿಗೆ. ಎರಡನೆಯದನ್ನು ಚೆಲ್ಲುತ್ತಿದ್ದರೆ? ಇಲ್ಲ. ಕಾಳನ್ನು ಚೆಲ್ಲುವುದು ಪಾಪವೆಂದು ನಂಬಿ ಬದುಕಿದ ಹೆಂಗಸು ಅವರು. ಆ ಗುಡ್ಡೆಯನ್ನು ಚೆನ್ನಾಗಿ ಹುರಿದು, ಬೆಳ್ಳುಳ್ಳಿ ಒಣಮೆಣಸಿನಕಾಯಿ ಸೇರಿಸಿ ಒರಳಿನಲ್ಲಿ ಕುಟ್ಟಿದರೆ ಮನೆಮಂದಿಗೆ ಚಟ್ನಿಪುಡಿ. ಅಷ್ಟು ಖಾರದ ಮುಂದೆ ಕಹಿಯ ಸುಳಿವೆಲ್ಲಿ? "ಹುರಿದ ಮೇಲೆ ಯಾವ ದೋಷವೂ ಉಳಿಯೋದಿಲ್ಲ ಕಣೋ" ಎನ್ನುತ್ತಿದ್ದರು.

ಆ ಮಾತು ಪೂರ್ತಿ ನಿಜವಲ್ಲವೆಂದು ಲೋಕಕ್ಕೆ ತಿಳಿಯಬೇಕಾದರೆ ಇಂಗ್ಲೆಂಡಿನಲ್ಲಿ ಟರ್ಕಿಕೋಳಿಗಳು ಸಾಯಬೇಕಾಯಿತು. 1960ರಲ್ಲಿ ಅಲ್ಲಿನ ಸಾಕಣೆಯ ಮನೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ರೋಗಾಣುವನ್ನು ಹುಡುಕಿದರು, ಸಿಕ್ಕಲಿಲ್ಲ. ಹೆಸರೇ ತಿಳಿಯದ ರೋಗಕ್ಕೆ 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಕೊನೆಗೆ ಜಾಡು ಹಿಡಿದು ಹೋದಾಗ ಅದು ಬಂದು ನಿಂತದ್ದು ಮೇವಿನ ಚೀಲದ ಬಳಿ: ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿ. ಹಿಂಡಿಯಲ್ಲಿದ್ದದ್ದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಷ್ಟು. ಅದು ಸ್ರವಿಸುವ ವಿಷಕ್ಕೆ ಆ ಹೆಸರಿನ ಅಕ್ಷರಗಳನ್ನೇ ಕೂಡಿಸಿ 'ಅಫ್ಲಾಟಾಕ್ಸಿನ್' ಎಂದು ನಾಮಕರಣವಾಯಿತು.

ಈ ವಿಷಕ್ಕೆ ತನ್ನದೇ ಆದ ರುಚಿಯಿಲ್ಲ, ವಾಸನೆಯಿಲ್ಲ. ನಾಲಿಗೆಗೆ ತಾಕುವ ಕಹಿ ಬೀಜ ಕೆಟ್ಟದ್ದರ ಗುರುತೇ ಹೊರತು ವಿಷದ ಗುರುತಲ್ಲ. ಕಹಿಯಿಲ್ಲದ ಬೀಜದಲ್ಲೂ ಅದು ಇರಬಲ್ಲದು. ನೀರಿನಲ್ಲಿ ಕುದಿಸಿದರೆ ಅದು ಅಳಿಯುವುದಿಲ್ಲ. ಹುರಿದರೆ ಒಂದಿಷ್ಟು ತಗ್ಗೀತು, ಮಿಕ್ಕದ್ದು ಹಾಗೆಯೇ ಉಳಿಯುತ್ತದೆ. ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಸಾಯುವುದಿಲ್ಲ. ಇಷ್ಟಾದರೂ ಒಂದು ಕಹಿ ಬೀಜ ನುಂಗಿದವರಾರೂ ನೆಲಕ್ಕುರುಳುವುದಿಲ್ಲ. ಹಾವಿನ ವಿಷದಂತೆ ಇದಕ್ಕೆ ಆತುರವಿಲ್ಲ. ಸಣ್ಣ ಪ್ರಮಾಣದಲ್ಲಿ, ವರ್ಷಗಟ್ಟಲೆ, ಯಕೃತ್ತನ್ನು ಹಿಡಿಯುವುದು ಇದರ ಕ್ರಮ. ಮನುಷ್ಯರಲ್ಲಿ ಅರ್ಬುದ ತರುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಸೇರಿಸಿದೆ. ಹೆಪಟೈಟಿಸ್ ಬಿ ಸೋಂಕು ಮೊದಲೇ ಇದ್ದವರಲ್ಲಿ ಅಪಾಯ ಎಷ್ಟೋ ಪಟ್ಟು ಹೆಚ್ಚು.

ಆತುರವಿಲ್ಲವೆಂದೆ; ಅದಕ್ಕೂ ಅಪವಾದವಿದೆ. 1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಕಾಣಿಸಿಕೊಂಡಿತು, ಹೊಟ್ಟೆಯಲ್ಲಿ ನೀರು ತುಂಬಿತು. ಮನೆಯ ನಾಯಿಗಳಿಗೂ ಅದೇ ಗತಿ. ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ಸರಿಯಾಗಿ ಒಣಗಿಸಲಾಗದೆ ಕೂಡಿಟ್ಟು, ಅದನ್ನೇ ದಿನವೂ ಉಂಡಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಪ್ರಕಾರ ರೋಗ ತಗುಲಿದ 397 ಜನರಲ್ಲಿ 106 ಜನ ತೀರಿಕೊಂಡರು. ಆ ಕಾಳು ಬೂಷ್ಟು ಹಿಡಿದಿತ್ತೆಂಬುದು ಅವರ ಕಣ್ಣಿಗೆ ಕಾಣದೆ ಇದ್ದೀತೆ? ಕಂಡಿರಬೇಕು. ಆದರೆ ಆಯ್ದು ತೆಗೆಯಲು ಮನೆಯಲ್ಲಿ ಮೊದಲನೆಯ ಗುಡ್ಡೆ ಎಂಬುದೊಂದು ಇರಬೇಕಲ್ಲ!

ಮೈಸೂರಿನವರಿಗೆ ಈ ಕಥೆಯೊಡನೆ ಇನ್ನೊಂದು ನಂಟುಂಟು. 1950ರಲ್ಲಿ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಮೊದಲ ದಶಕದಲ್ಲಿ ಕೈಗೊಂಡ ದೊಡ್ಡ ಕೆಲಸಗಳಲ್ಲೊಂದು ಬಡಮಕ್ಕಳಿಗೆ ಅಗ್ಗದ ಪುಷ್ಟಿಕರ ಆಹಾರ. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು: ಇದು ಅಲ್ಲಿ ಸಿದ್ಧವಾದ 'ವಿವಿಧೋದ್ದೇಶ ಆಹಾರ'ದ ತಿರುಳು. ಹಾಲು ಸಿಗದ ಮಗುವಿಗೆ ಹಿಂಡಿಯಲ್ಲೇ ಮಾಂಸಕ್ಕೆ ಸಮನಾದ ಸತ್ತ್ವ ಇದೆಯೆಂದು ಕಂಡ ಸಂತೋಷದ ದಿನಗಳವು. ಅಷ್ಟರಲ್ಲಿ ಇಂಗ್ಲೆಂಡಿನ ಸುದ್ದಿ ಬಂತು. ಯಾವ ಹಿಂಡಿಯನ್ನು ಅಮೃತವೆಂದು ಎತ್ತಿಕೊಂಡಿದ್ದರೋ ಅದರಲ್ಲೇ ವಿಷದ ಶಂಕೆ.

ಆಗ ಎದುರಾದ ಪ್ರಶ್ನೆ ಪ್ರಯೋಗಶಾಲೆಯದಷ್ಟೇ ಅಲ್ಲ. ಎಷ್ಟು ವಿಷವಿದ್ದರೆ ಮಗುವಿಗೆ ಕೊಡಬಹುದು? 'ಎಳ್ಳಷ್ಟೂ ಬೇಡ' ಎನ್ನುವುದು ಸುಲಭ. ಹಾಗೆಂದರೆ ಹಿಟ್ಟೇ ಇಲ್ಲ. ಹಿಟ್ಟಿಲ್ಲದಿದ್ದರೆ ಮಗು ಮುಂದಿನ ಬೇಸಗೆಯವರೆಗೆ ಉಳಿಯುವುದೇ ಸಂದೇಹ. ವಿಶ್ವಸಂಸ್ಥೆಯ ತಜ್ಞರ ಮಂಡಳಿ 1960ರ ದಶಕದಲ್ಲಿ ಕಿಲೋಗ್ರಾಮಿಗೆ 30 ಮೈಕ್ರೋಗ್ರಾಮಿನ ಮಿತಿ ಹಾಕಿತು. ಒಂದು ಟನ್ ಹಿಟ್ಟಿನಲ್ಲಿ 30 ಮಿಲಿಗ್ರಾಂ, ಎಂದರೆ ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ನಾಳೆಯ ರೋಗಕ್ಕಿಂತ ಇಂದಿನ ಹಸಿವು ಹತ್ತಿರದ ಮೃತ್ಯು ಎಂಬ ಲೆಕ್ಕ ಅದರ ಹಿಂದಿತ್ತು. ಇಂಥ ಅಂಕಿಗಳನ್ನು ನಾವು ಪ್ರಕೃತಿಯ ನಿಯಮವೆಂಬಂತೆ ಓದುತ್ತೇವೆ. ನಿಜವಾಗಿ ಅವು ಚೌಕಾಸಿಯ ಫಲ. ಇಂದು ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ನಮ್ಮ ದೇಶದ ಮಿತಿ 15. ನೇರವಾಗಿ ತಿನ್ನುವ ಬೀಜಕ್ಕೆ ಯುರೋಪಿನ ಒಕ್ಕೂಟ ಒಪ್ಪುವುದು 4. ಯುರೋಪಿನವರ ಯಕೃತ್ತು ನಮ್ಮದಕ್ಕಿಂತ ಮೃದುವೆಂದಲ್ಲ, ಅವರಿಗೆ ಆರಿಸಿಕೊಳ್ಳುವ ಅನುಕೂಲ ಹೆಚ್ಚು.

ಆರಿಸುವುದಾದರೂ ಸುಲಭವೆ? ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಹತ್ತಾರು ಸಾವಿರ ಬೀಜಗಳ ನಡುವೆ ಒಂದೇ ಒಂದು ಬೀಜ ಇಡೀ ಚೀಲವನ್ನು ಮಿತಿಯಾಚೆ ತಳ್ಳುವಷ್ಟು ವಿಷ ಹೊತ್ತಿರಬಹುದು. ಪರೀಕ್ಷಕ ಹಿಡಿದ ಬೊಗಸೆಯಲ್ಲಿ ಅದು ಸಿಕ್ಕದಿದ್ದರೆ ಚೀಲ ಪಾಸು. ಕೆಡುವುದಾದರೋ ಹೊಲದಲ್ಲೇ ಮೊದಲಾಗುತ್ತದೆ: ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಬೂಷ್ಟಿಗೆ ಹಬ್ಬ. ಕಿತ್ತ ಮೇಲೆ ಬಿಸಿಲಿಗೆ ಹಾಕಿ, ಬೀಜದ ತೇವ ನೂರಕ್ಕೆ ಏಳೆಂಟಕ್ಕೆ ಇಳಿಯುವಂತೆ ಒಣಗಿಸಿದರೆ ಅದು ಬೆಳೆಯಲಾರದು. ಕೈಯಲ್ಲಿ ಅಲುಗಿಸಿದರೆ ಕಾಯಿ ಗಲಗಲ ಎನ್ನಬೇಕೆಂದು ರೈತರು ನೋಡುವುದು ಇದನ್ನೇ. ಹೀಗೆ ಒಣಗಿಸಿದ ಕಾಯಿಗೆ, ಸುಲಿಯುವ ಯಂತ್ರದಲ್ಲಿ ಬೀಜ ಒಡೆಯದಿರಲೆಂದು ಮತ್ತೆ ನೀರು ಚಿಮುಕಿಸುವುದುಂಟು. ತೂಕವೂ ಕೊಂಚ ಹೆಚ್ಚುತ್ತದೆ. ರೈತ ಒಂದು ವಾರ ಬಿಸಿಲಲ್ಲಿ ಮಾಡಿದ್ದನ್ನು ಅರ್ಧ ಗಳಿಗೆಯಲ್ಲಿ ಕೆಡಿಸುವ ಜಾಣತನ!

ಹೀಗಾಗಿ ಲೋಕದ ವ್ಯಾಪಾರವೂ ನಮ್ಮ ಅಜ್ಜಿಯ ಮೊರದಂತೆಯೇ ನಡೆಯುತ್ತದೆ. ಒಳ್ಳೆಯ ಗುಡ್ಡೆ ಹಡಗು ಹತ್ತುತ್ತದೆ. ಉಳಿದದ್ದು ಗಾಣಕ್ಕೆ ಹೋದರೆ ವಿಷದ ಹೆಚ್ಚಿನ ಪಾಲು ಎಣ್ಣೆಯಲ್ಲಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸುವಿನ ಬಾನಿಗೆ ಬೀಳುತ್ತದೆ. ಹಸು ಅದನ್ನು ತುಸು ಬದಲಿಸಿ, ಒಂದೆರಡು ದಿನದೊಳಗೇ ಹಾಲಿನಲ್ಲಿ ಇಳಿಸುತ್ತದೆ. ಹಾಲಿನಲ್ಲಿ ಕಾಣುವ ಈ ರೂಪಕ್ಕೆ 'ಎಂ 1' ಎಂದು ಹೆಸರು. ಕಾಯಿಸಿದರೆ ಇದೂ ಹೋಗುವುದಿಲ್ಲ. ಒಂದು ಸಮಾಧಾನವೆಂದರೆ, ಕೆಟ್ಟ ಹಿಂಡಿಯನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಇಷ್ಟಕ್ಕೆ ಹೆದರಿ ಕಡಲೆಕಾಯಿಯನ್ನೇ ಬಿಡುವುದು ಅವಿವೇಕ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಗೆ ನಾನಂತೂ ತಪ್ಪಿಸುವುದಿಲ್ಲ. ಮುರುಟಿದ್ದನ್ನು, ಮುಗ್ಗಿದ್ದನ್ನು, ಕಹಿಯಾದದ್ದನ್ನು ಬಿಟ್ಟರೆ ಅಪಾಯದ ಬಹುಪಾಲು ಅಲ್ಲೇ ಕಳೆಯುತ್ತದೆ.

ಅಜ್ಜಿಯ ಮೊರ ನಮ್ಮ ಮನೆಯಲ್ಲಿ ಈಗಲೂ ಇದೆ. ಎರಡನೆಯ ಗುಡ್ಡೆಯನ್ನು ಕಸಕ್ಕೆ ಸುರಿಯುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಈಚೆಗೆ ಒಂದು ಮಂಡಿಯಲ್ಲಿ ಹೆಂಗಸರು ಸಾಲಾಗಿ ಕುಳಿತು ಬೀಜ ಆರಿಸುತ್ತಿದ್ದುದನ್ನು ಕಂಡೆ. ಅವರ ಬೆರಳುಗಳ ಚಲನೆ ಅಜ್ಜಿಯದೇ. ಪಕ್ಕಕ್ಕೆ ಹಾಕಿದ ಕಪ್ಪು ಬೀಜಗಳು ಎಲ್ಲಿಗೆ ಹೋಗುತ್ತವೆಂದು ಯಜಮಾನರನ್ನು ಕೇಳಿದೆ.

"ಅದಕ್ಕೂ ಗಿರಾಕಿ ಇದ್ದಾರೆ ಸ್ವಾಮಿ," ಎಂದರು, "ಬೆಲೆ ಕಡಿಮೆ, ಅಷ್ಟೆ."