ಹೊನ್ನಿನ ಜಾಡು

1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ನನ ಕಿವಿಗೆ, ಕೋಲಾರದ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ವದಂತಿ ಬಿದ್ದಿತು. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿದನು. ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ಅವನೆದುರಿನಲ್ಲಿಯೇ ತೊಳೆದರು. ಹಗುರವಾದ ಮಣ್ಣು ನೀರಿನೊಡನೆ ಹರಿದುಹೋಗಿ, ಭಾರವಾದ ಹೊನ್ನಿನ ಕಣಗಳು ತಳದಲ್ಲಿ ಉಳಿದುವು. ಮಾರಿಕುಪ್ಪದಲ್ಲಿ ಜನರು ಆಳವಾದ ಗುಂಡಿಗಳಿಗಿಳಿದು ಕಲ್ಲೊಡೆದು, ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲೆ ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಗುಂಡಿ ಕುಸಿದರೆ ಪ್ರಾಣಕ್ಕೇ ಸಂಚಕಾರ! ಅಪಘಾತಗಳು ಸಂಭವಿಸಿದುದರಿಂದ 1859ರಲ್ಲಿ ನೆಲದೊಳಗೆ ಅಗೆಯುವುದನ್ನೇ ಸರ್ಕಾರ ನಿಷೇಧಿಸಿತು.

ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಲ್ಯಾವೆಲ್ ಎಂಬ ಸೈನಿಕನು ವಾರನ್ನನ ಬರಹವನ್ನೋದಿ, 1871ರಲ್ಲಿ ಎತ್ತಿನ ಗಾಡಿಯೇರಿ ಕೋಲಾರದತ್ತ ಹೊರಟನು. 1875ರಲ್ಲಿ ಅವನಿಗೆ ಅಗೆಯುವ ಪರವಾನಗಿ ದೊರೆಯಿತು. ಆದರೆ ಬಂಡೆಯ ಆಳಕ್ಕಿಳಿಯುವಷ್ಟು ಬಂಡವಾಳ ಅವನಲ್ಲಿರಲಿಲ್ಲ. ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. 1894ರಲ್ಲಿ ಬಂಗಾರಪೇಟೆಯಿಂದ ಗಣಿಗಳಿಗೆ ರೈಲುದಾರಿಯಾಯಿತು. ಅಂದು ಆ ಊರಿಗೆ ಬೌರಿಂಗ್‌ಪೇಟೆಯೆಂದು ಹೆಸರು.

ಗಣಿ ಮೂರು ಕಿಲೋಮೀಟರಿಗೂ ಆಳವಾದಂತೆ ಅಪಾಯದ ಬಗೆಯೂ ಬದಲಾಯಿತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು. ಅದಿರನ್ನು ತೆಗೆದೆಡೆ ಟೊಳ್ಳಾಗಿ, ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುವುದು. ತಾಳಲಾರದ ಬಂಡೆ ಒಮ್ಮೆಗೇ ಸಿಡಿಯುವುದು. ಈ ಶಿಲಾಸ್ಫೋಟಕ್ಕೆ ಎಷ್ಟೋ ಕಾರ್ಮಿಕರು ಬಲಿಯಾದರು. ಮೇಲಿನ ಮನೆಗಳೂ ನಡುಗಿದುವು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಚಿನ್ನ ತೆಗೆದುಳಿದ ಪುಡಿಯ ದಿಬ್ಬಗಳು ಇಂದಿಗೂ ನಿಂತಿವೆ. ಜನರು ಅವನ್ನು ಸಯನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿ ಬೀಸಿದಾಗ ಅವುಗಳ ಧೂಳು ಊರಿನ ಮೇಲೆ ಹಾರಿಬರುತ್ತದೆ.