ಪರದೇಶಕ್ಕೆ ಕಟ್ಟುವ ಬುತ್ತಿ

ದೂರದ ಊರಿಗೆ ಹೊರಟವರ ಕೈಗೆ ಬುತ್ತಿಯ ಗಂಟನ್ನು ಕೊಟ್ಟು ಕಳುಹಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ದಾರಿಯಲ್ಲಿ ಛತ್ರವಿರಬಹುದು, ನೆಂಟರ ಮನೆಯಿರಬಹುದು. ಇದ್ದರೂ ಮೊದಲ ಹೊತ್ತಿನ ಊಟಕ್ಕೆ ಪರರ ಮುಖವನ್ನು ನೋಡಬಾರದೆಂಬುದು ಹಿರಿಯರ ಎಣಿಕೆ. ಈಗ ನಮ್ಮ ಮಕ್ಕಳು ಹೋಗುವ ಊರುಗಳು ಸಮುದ್ರದ ಆಚೆಗಿವೆ. ಅಲ್ಲಿನ ಸರ್ಕಾರದವರು ಕೇಳುವುದೂ ಹೆಚ್ಚು ಕಡಮೆ ಇದೇ ಮಾತು: ಬಂದಿಳಿದ ಮೇಲೆ ಕೆಲಸ ದೊರೆಯುವವರೆಗೆ ನಿನ್ನ ಸಂಸಾರವನ್ನು ಯಾವ ಹಣದಿಂದ ನಡೆಸುವೆ, ತೋರಿಸು ಎಂದು. ಈ ತೋರಿಸುವ ಹಣದ ವಿಷಯವಾಗಿ ನಮ್ಮ ಗೃಹಸ್ಥರಲ್ಲಿ ಅನೇಕ ತಪ್ಪು ತಿಳಿವಳಿಕೆಗಳು ಹಬ್ಬಿರುವುದನ್ನು ಕಂಡು, ಕೆನಡಾ ದೇಶದ ನಿಬಂಧನೆಯನ್ನು ಉದಾಹರಣೆಯಾಗಿಟ್ಟುಕೊಂಡು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಎಣಿಸಿದ್ದೇವೆ.

ಕೆನಡಾ ದೇಶವು ಕುಶಲ ಉದ್ಯೋಗಿಗಳನ್ನು ಖಾಯಂ ನಿವಾಸಿಗಳಾಗಿ ಬರಮಾಡಿಕೊಳ್ಳಲು 2015ನೆಯ ಇಸವಿಯ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಏರ್ಪಾಡನ್ನು ನಡೆಸುತ್ತಿದೆ. ವಯಸ್ಸು, ವಿದ್ಯೆ, ಭಾಷಾಜ್ಞಾನ, ಉದ್ಯೋಗಾನುಭವ ಇವುಗಳಿಗೆ ಅಂಕಗಳನ್ನು ಕೊಟ್ಟು, ಮೇಲಿನ ಸಾಲಿನಲ್ಲಿ ನಿಂತವರಿಗೆ ಅರ್ಜಿ ಹಾಕುವಂತೆ ಆಹ್ವಾನವನ್ನು ಕಳುಹಿಸುವರು. ಹಣಕ್ಕೆ ಇಲ್ಲಿ ಅಂಕವಿಲ್ಲ. ಕೋಟಿ ತೋರಿಸಿದವನಿಗೂ ಅದರಿಂದ ಒಂದು ಅಂಕ ಹೆಚ್ಚಾಗಿ ಬರುವುದಿಲ್ಲ. ನಿಗದಿಯಾದ ಮೊತ್ತವನ್ನು ತೋರಿಸಲಾರದವನಿಗೆ ಬಾಗಿಲು ತೆರೆಯುವುದೂ ಇಲ್ಲ.

ಆ ಮೊತ್ತವನ್ನು ಗೊತ್ತುಮಾಡುವ ಬಗೆ ಹೀಗೆ. ವರ್ಷಕ್ಕೆ ಇಷ್ಟಕ್ಕಿಂತ ಕಡಮೆ ಬರುವ ಸಂಸಾರವು ಅಲ್ಪ ಆದಾಯದ ಸಂಸಾರವೆಂದು ಆ ದೇಶದವರು ಒಂದು ಗೆರೆಯನ್ನು ಎಳೆದಿದ್ದಾರೆ. ಅದರ ಅರ್ಧವನ್ನು, ಎಂದರೆ ಸುಮಾರು ಆರು ತಿಂಗಳ ಬಡ ಜೀವನಕ್ಕೆ ಸಾಲುವಷ್ಟನ್ನು, ಹೊಸದಾಗಿ ಬರುವವನು ತನ್ನದಾಗಿ ಹೊಂದಿರಬೇಕು. 2025ರ ಜುಲೈ ತಿಂಗಳಲ್ಲಿ ಹೊರಟ ಪಟ್ಟಿಯಂತೆ ಒಬ್ಬರಿಗೆ 15,263 ಕೆನಡಾ ಡಾಲರು, ಇಬ್ಬರಿಗೆ 19,001, ಮೂವರಿಗೆ 23,360, ನಾಲ್ವರಿಗೆ 28,362. ಡಾಲರಿಗೆ 62 ರೂಪಾಯಿಯಂತೆ ಲೆಕ್ಕ ಹಿಡಿದರೆ ನಾಲ್ವರ ಸಂಸಾರಕ್ಕೆ ಹದಿನೇಳೂವರೆ ಲಕ್ಷ ರೂಪಾಯಿಗಳಿಗೂ ಮೇಲಾಗುವುದು. ಈ ಪಟ್ಟಿಯನ್ನು ವರ್ಷವರ್ಷವೂ ತಿದ್ದುವರಾದುದರಿಂದ ಅರ್ಜಿಯ ಕಾಲಕ್ಕೆ ಯಾವುದು ಜಾರಿಯಲ್ಲಿದೆಯೆಂಬುದನ್ನು ಇಲಾಖೆಯ ಪ್ರಕಟನೆಯಲ್ಲಿಯೇ ನೋಡತಕ್ಕದ್ದು.

ಇದು ಸರ್ಕಾರಕ್ಕೆ ಕಟ್ಟುವ ಶುಲ್ಕವೆಂದು ಕೆಲವರು ಹೆದರುವುದುಂಟು. ಹಾಗಲ್ಲ. ಹಣವು ಕೊನೆಯವರೆಗೂ ನಮ್ಮದೇ. ಅಲ್ಲಿ ಹೋಗಿ ಅಕ್ಕಿ ಬೇಳೆಗೆ, ಮನೆಬಾಡಿಗೆಗೆ ನಾವೇ ಖರ್ಚುಮಾಡುವುದು. ಸಂಸಾರದ ಲೆಕ್ಕದಲ್ಲಿ ಹೆಂಡತಿ ಮತ್ತು ಆಶ್ರಿತ ಮಕ್ಕಳು ಸೇರುವರು. ಹೆಂಡತಿಯೂ ಮಕ್ಕಳೂ ಸದ್ಯಕ್ಕೆ ಊರಿನಲ್ಲಿಯೇ ಉಳಿಯುವರೆಂದು ಹೇಳಿ ತಲೆಗಳನ್ನು ಕಡಮೆ ಮಾಡಲು ಬರುವುದಿಲ್ಲ. ಕೆನಡಾದಲ್ಲಿಯೇ ದುಡಿದ ಅನುಭವದ ಮೇಲೆ ಅರ್ಜಿ ಹಾಕುವವರಿಗೂ, ಅಲ್ಲಿ ಕೆಲಸ ಮಾಡಲು ಈಗಾಗಲೇ ಅನುಮತಿ ಪಡೆದು ನ್ಯಾಯವಾದ ಉದ್ಯೋಗದ ಕರೆಯನ್ನು ಹೊಂದಿರುವವರಿಗೂ ಈ ಹಣವನ್ನು ತೋರಿಸುವ ಕಟ್ಟಿಲ್ಲ.

ಹಣ ತೋರಿಸೆಂದು ಕೇಳುವುದರ ಹಿಂದೆ ನಮ್ಮ ದೇಶದವರು ಮರೆಯಲಾಗದ ಒಂದು ಕಥೆಯೂ ಉಂಟು. 1908ರಲ್ಲಿ ಇದೇ ಕೆನಡಾ ಸರ್ಕಾರವು, ಏಷ್ಯಾ ಖಂಡದಿಂದ ಬರುವವರು ದಡಕ್ಕಿಳಿಯುವಾಗ 200 ಡಾಲರುಗಳನ್ನು ಕೈಯಲ್ಲಿ ಹಿಡಿದಿರಬೇಕೆಂದು ಆಜ್ಞೆ ಮಾಡಿತು. ಬೇರೆ ಒಪ್ಪಂದವಿದ್ದ ದೇಶಗಳವರಿಗೆ ಇದರಿಂದ ಬಿಡುಗಡೆಯಿತ್ತು, ಭಾರತೀಯರಿಗೆ ಇರಲಿಲ್ಲ. ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ಪ್ರಯಾಣ ಮುರಿಯದೆ ನೇರವಾಗಿ ಬರಬೇಕೆಂಬ ಇನ್ನೊಂದು ನಿಯಮವೂ ಅದೇ ವರ್ಷ ಹೊರಟಿತು. 1914ರ ಮೇ 23ರಂದು 376 ಮಂದಿ ಪ್ರಯಾಣಿಕರೊಡನೆ ವ್ಯಾಂಕೂವರ್ ಬಂದರನ್ನು ಮುಟ್ಟಿದ ಕೋಮಗಾತ ಮಾರು ಹಡಗನ್ನು ಈ ನಿಯಮಗಳ ಬಲದಿಂದ ಎರಡು ತಿಂಗಳು ನೀರಿನಲ್ಲಿಯೇ ನಿಲ್ಲಿಸಿ, ಜುಲೈ 23ರಂದು ಹಿಂದಕ್ಕೆ ಕಳುಹಿಸಿದರು. ಬಹುಮಂದಿ ಪಂಜಾಬಿನ ಸಿಖ್ಖರಾಗಿದ್ದ ಆ ಪ್ರಯಾಣಿಕರ ವಿಷಯದಲ್ಲಿ ನಡೆದುದಕ್ಕಾಗಿ ಆ ದೇಶದ ಪ್ರಧಾನಮಂತ್ರಿಗಳು 2016ರ ಮೇ 18ರಂದು ತಮ್ಮ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಅಂದಿನ 200 ಡಾಲರು ಜನರನ್ನು ತಡೆಯಲು ಕಟ್ಟಿದ ಗೋಡೆ. ಇಂದಿನ ಪಟ್ಟಿಯು ಯಾವ ದೇಶದವನಿಗೂ ಒಂದೇ. ಆದರೂ ಡಾಲರಿನಲ್ಲಿ ಸಂಪಾದಿಸುವವನಿಗೂ ರೂಪಾಯಿಯಲ್ಲಿ ಸಂಪಾದಿಸುವವನಿಗೂ ಅದು ಒಂದೇ ಭಾರವಲ್ಲವೆಂಬುದನ್ನು ನಾವು ಬಲ್ಲೆವು. ನಮ್ಮ ಮನೆಗಳು ಎಡವುವುದು ಆ ಭಾರದ ಕೆಳಗೆಯೇ.

2024ರ ಕೊನೆಯಲ್ಲಿ ಹಾಸನದ ಕಡೆಯ ಒಂದು ಮನೆಗೆ ಹೋಗಿದ್ದೆವು. ಯಜಮಾನರು ನಿವೃತ್ತ ಉಪಾಧ್ಯಾಯರು. ನಮಗೆ ಬಹುಕಾಲದ ಪರಿಚಿತರು. ಮಗನು ಬೆಂಗಳೂರಿನಲ್ಲಿ ಎಂಜಿನಿಯರು; ಹೆಂಡತಿ, ಎರಡು ಮಕ್ಕಳು. ಕೆನಡಾಕ್ಕೆ ಹೋಗುವ ಯೋಚನೆ ನಡೆದಿತ್ತು. ಆಗಿನ ಪಟ್ಟಿಯಂತೆ ನಾಲ್ವರಿಗೆ 27,297 ಡಾಲರು, ಸುಮಾರು ಹದಿನೇಳು ಲಕ್ಷ ರೂಪಾಯಿ, ಬೇಕಾಗಿತ್ತು. ಮಗನ ಹೆಸರಿನಲ್ಲಿ ಬ್ಯಾಂಕಿನಲ್ಲಿದ್ದುದು ಆರು ಲಕ್ಷ.

“ಸ್ವಾಮಿ, ವಾಸದ ಮನೆಯಿದೆ, ಮೈಸೂರಿನಲ್ಲಿ ನಿವೇಶನವಿದೆ, ಸೊಸೆಯ ಮೈಮೇಲೆ ಒಡವೆಯಿದೆ. ಇಷ್ಟಿದ್ದೂ ನಾವು ಇಲ್ಲದವರೆಂದು ಹೇಳುತ್ತಾರಲ್ಲ, ಇದಾವ ನ್ಯಾಯ?” ಎಂದು ಯಜಮಾನರು ನೊಂದು ಕೇಳಿದರು.

ಕಾನೂನು ಕೇಳುವುದು ಆಸ್ತಿಯನ್ನಲ್ಲ. ಇಲ್ಲಿಂದ ಅಲ್ಲಿಗೆ ಸಾಗಿಸಬಲ್ಲ, ಬೇಕೆಂದಾಗ ಕೈಗೆ ಸಿಕ್ಕುವ, ಯಾವ ಸಾಲಕ್ಕೂ ಹೊಣೆಗೂ ಸಿಲುಕದ ಹಣವನ್ನು. ಮನೆಯ ಬೆಲೆ ಎಷ್ಟೇ ಇರಲಿ, ನಿವೇಶನದ ಬೆಲೆ ಎಷ್ಟೇ ಇರಲಿ, ಮಾರಿ ಬ್ಯಾಂಕಿಗೆ ತಂದಲ್ಲದೆ ಲೆಕ್ಕಕ್ಕೆ ಬಾರದು. ಒಡವೆಯ ಮಾತೂ ಹಾಗೆಯೇ. ಮನೆಯ ಆಧಾರದ ಮೇಲೆ ಸಾಲ ತಂದರೆ ಅದು ಸಾಲವೇ ಆಯಿತು.

ಈ ಇಕ್ಕಟ್ಟಿನಲ್ಲಿರುವಾಗ ಒಬ್ಬ ಮಧ್ಯಸ್ಥನು ಅವರಿಗೆ ಸುಲಭವಾದ ದಾರಿಯೊಂದನ್ನು ತೋರಿಸಿದ್ದನು. ಹನ್ನೆರಡು ಲಕ್ಷವನ್ನು ಒಂದು ತಿಂಗಳ ಮಟ್ಟಿಗೆ ಬಡ್ಡಿಗೆ ಕೊಡಿಸುವುದು, ಮಗನ ಖಾತೆಯಲ್ಲಿರಿಸಿ ಬ್ಯಾಂಕಿನ ಪತ್ರ ಪಡೆಯುವುದು, ಪತ್ರ ಬಂದೊಡನೆ ಹಣವನ್ನು ಹಿಂದಿರುಗಿಸುವುದು. ಎರವಲು ಒಡವೆ ಹಾಕಿಕೊಂಡು ಮದುವೆಗೆ ಹೋಗಿಬಂದ ಹಾಗೆ ಎಂದು ಆತನು ನಕ್ಕು ಹೇಳಿದನಂತೆ.

ಆದರೆ ಆ ಬ್ಯಾಂಕಿನ ಪತ್ರದಲ್ಲಿ ಏನೇನಿರಬೇಕೆಂಬುದನ್ನು ನೋಡಿರಿ. ಬ್ಯಾಂಕಿನ ಹೆಸರಚ್ಚಾದ ಕಾಗದ, ಅದರ ವಿಳಾಸ, ದೂರವಾಣಿ, ಅರ್ಜಿದಾರನ ಹೆಸರು, ಪ್ರತಿಯೊಂದು ಖಾತೆಯ ಸಂಖ್ಯೆ, ಅದನ್ನು ತೆರೆದ ದಿನ, ಇಂದಿನ ಶಿಲ್ಕು, ಹಿಂದಿನ ಆರು ತಿಂಗಳ ಸರಾಸರಿ ಶಿಲ್ಕು, ಕ್ರೆಡಿಟ್ ಕಾರ್ಡಿನದನ್ನೂ ಸೇರಿಸಿ ಇರುವ ಸಾಲಗಳು. ಇವುಗಳಲ್ಲಿ ಗುಟ್ಟನ್ನು ಹೊರಹಾಕುವುದು ಸರಾಸರಿ. ಐದು ತಿಂಗಳು ಆರು ಲಕ್ಷವಿದ್ದು, ಆರನೆಯ ತಿಂಗಳು ಹದಿನೆಂಟು ಲಕ್ಷವಾದರೆ ಸರಾಸರಿಯು ಎಂಟು ಲಕ್ಷ. ಒಂದೇ ಕಾಗದದ ಮೇಲೆ ಇಂದಿನ ಶಿಲ್ಕು ಹದಿನೆಂಟು, ಸರಾಸರಿ ಎಂಟು ಎಂದು ಅಕ್ಕಪಕ್ಕದಲ್ಲಿ ನಿಂತರೆ, ನಡುವಣ ಹತ್ತು ಲಕ್ಷವು ಎಲ್ಲಿಂದ ಬಂದಿತೆಂದು ಯಾವ ಅಧಿಕಾರಿಯಾದರೂ ಕೇಳದಿರುವನೆ? ಹಾಗಲ್ಲದೆ, ಹಣವು ಅರ್ಜಿ ಹಾಕುವ ದಿನ ಮಾತ್ರವಲ್ಲ, ವೀಸಾ ಕೈಗೆ ಬರುವ ದಿನವೂ ಇರಬೇಕು. ಒಂದು ತಿಂಗಳ ಎರವಲು ಅಷ್ಟು ದಿನ ನಿಲ್ಲುವುದು ಹೇಗೆ?

ಸುಳ್ಳು ಹೊರಬಿದ್ದರೆ ಅರ್ಜಿಯೊಂದು ಹೋಗುವುದಷ್ಟೇ ಅಲ್ಲ. ಸುಳ್ಳು ನಿರೂಪಣೆ ಮಾಡಿದವನನ್ನು ಐದು ವರ್ಷಗಳ ಕಾಲ ಆ ದೇಶಕ್ಕೆ ಬಾರದಂತೆ ತಡೆಯಲು ಅಲ್ಲಿನ ವಲಸೆ ಕಾನೂನಿನಲ್ಲಿ ಅಧಿಕಾರವಿದೆ; 2014ಕ್ಕೆ ಮುಂಚೆ ಎರಡು ವರ್ಷವಿದ್ದುದನ್ನು ಆ ವರ್ಷ ಐದಕ್ಕೆ ಏರಿಸಿದರು. ಆ ಐದು ವರ್ಷಗಳಲ್ಲಿ ಅಂಕಗಳನ್ನು ತಂದುಕೊಡುವ ವಯಸ್ಸೂ ಕಳೆದುಹೋಗುವುದು. ಹಣವಿಲ್ಲದವನು ಒಂದು ವರ್ಷ ಕಾದು ಹೋಗಬಹುದು. ಇಲ್ಲದ ಹಣವನ್ನು ಇದೆಯೆಂದವನಿಗೆ ಹಾಗೆ ಕಾಯುವ ಸೌಲಭ್ಯವೂ ಉಳಿಯದು.

ಇಷ್ಟನ್ನು ಕೇಳಿ ಯಜಮಾನರು ನಿವೇಶನವನ್ನು ಮಾರಿಬಿಡುವುದಾಗಿ ಹೇಳಿದರು. ಅದುವರೆಗೆ ಸುಮ್ಮನೆ ಕುಳಿತಿದ್ದ ಮನೆಯಾಕೆಯು, “ಮಾರಿ, ಬೇಡವೆನ್ನುವುದಿಲ್ಲ. ಆದರೆ ಅದರಲ್ಲಿ ಹುಡುಗಿಗೂ ಅರ್ಧ ಎಂದು ನೀವೇ ಹೇಳಿದ್ದಿರಿ” ಎಂದರು. ಈಗ ಪೂರ್ತಿ ಮಗನಿಗೆ ಕೊಟ್ಟು, ಅವನು ಅಲ್ಲಿ ದುಡಿದು ತಂಗಿಯ ಅರ್ಧವನ್ನು ಹಿಂದಿರುಗಿಸಲಿ ಎಂಬುದು ಯಜಮಾನರ ಎಣಿಕೆಯಾಗಿತ್ತು.

ತಂದೆಯು ಮಗನಿಗೆ ಹಣವನ್ನು ದಾನವಾಗಿ ಕೊಡಬಹುದು. ಆದರೆ ಅದರೊಡನೆ ಇಡುವ ಪತ್ರದಲ್ಲಿ ಈ ಹಣವನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಬರೆದು ಸಹಿ ಮಾಡಬೇಕಾಗುವುದು. ತಂಗಿಗೆ ಒಂಬತ್ತು ಲಕ್ಷ ಕೊಡುವ ಕರಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮಾತನ್ನು ಬರೆದರೆ, ಆ ಹಣವು ಹೊಣೆಯಿಲ್ಲದ ಹಣವಾಗಲಿಲ್ಲ. ಮಧ್ಯಸ್ಥನ ಬಡ್ಡಿಯ ಹಣಕ್ಕೂ ಅದಕ್ಕೂ ಬಡ್ಡಿಯೊಂದೇ ವ್ಯತ್ಯಾಸ. ಮನೆಯೊಳಗಿನ ಮಾತು ಯಾರಿಗೆ ತಿಳಿಯುವುದೆಂದು ಕೇಳಬಹುದು. ಅಧಿಕಾರಿಗೆ ತಿಳಿಯದಿರಬಹುದು, ಆದರೆ ಆ ಪತ್ರವನ್ನು ನಂಬಿ ಅಣ್ಣನು ಕೊಡದೆ ಹೋದರೆ ತಂಗಿಯ ಕೈಯಲ್ಲಿ ಉಳಿಯುವುದೇನು? ಇದನ್ನು ನಾವು ಹೇಳಿದಾಗ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಕೊನೆಗೆ ಆ ಮನೆಯವರು ನಿಧಾನವಾದ ದಾರಿಯನ್ನೇ ಹಿಡಿದರು. ನಿವೇಶನವು ಮಾರಾಟವಾಗಿ, ತೆರಿಗೆ ಖರ್ಚುಗಳನ್ನು ಕಳೆದು ಹದಿನೆಂಟು ಲಕ್ಷ ಉಳಿಯಿತು. ಮಗಳಿಗೆ ಒಂಬತ್ತು, ಮಗನಿಗೆ ಒಂಬತ್ತು, ಎರಡೂ ಒಂದೇ ದಿನ ಅವರವರ ಖಾತೆಗೆ ಹೋದವು. ಮಗನ ಆರು ಲಕ್ಷ ಸೇರಿ ಹದಿನೈದಾಯಿತು. ಉಳಿದುದನ್ನು ಅವನು ಒಂದು ವರ್ಷ ಸಂಬಳದಲ್ಲಿ ಕೂಡಿಸಿದನು. ಅಷ್ಟರಲ್ಲಿ ಪಟ್ಟಿಯೂ ನಾಲ್ವರಿಗೆ 1,065 ಡಾಲರಿನಷ್ಟು ಏರಿತ್ತು. ಗುರಿಗಿಂತ ಸ್ವಲ್ಪ ಹೆಚ್ಚಾಗಿಯೇ ಕೂಡಿಸಿದ್ದುದರಿಂದ ತೊಂದರೆಯಾಗಲಿಲ್ಲ. ಈಗ ಅವನು ಆಹ್ವಾನವನ್ನು ಎದುರುನೋಡುತ್ತಿದ್ದಾನೆ. ಬರುವುದೋ ಬಾರದೋ ಅಂಕಗಳ ಮಾತು. ಹಣದ ಮಾತಿನಲ್ಲಿ ಮಾತ್ರ ಅವನಿಗೆ ಭಯವಿಲ್ಲ.

ಇದೇ ದಾರಿಯಲ್ಲಿ ನಡೆಯುವವರಿಗೆ ಉಪಯೋಗವಾದೀತೆಂದು ಕೆಲವು ಸೂಚನೆಗಳನ್ನು ಕೊಡುತ್ತೇವೆ. ದೊಡ್ಡ ಮೊತ್ತವು ಖಾತೆಗೆ ಬಂದಾಗಲೆಲ್ಲ ಅದರ ಮೂಲವನ್ನು ತೋರಿಸುವ ಕಾಗದವನ್ನು ಆ ದಿನವೇ ತೆಗೆದಿರಿಸಬೇಕು: ಮಾರಾಟವಾದರೆ ನೋಂದಣಿಯಾದ ಕ್ರಯಪತ್ರದ ನಕಲು, ದಾನವಾದರೆ ದಾನಪತ್ರವೂ ಕೊಟ್ಟವರ ಬ್ಯಾಂಕಿನ ಲೆಕ್ಕವೂ. ತಂದೆತಾಯಿ, ಒಡಹುಟ್ಟಿದವರು ಮುಂತಾದ ಹತ್ತಿರದ ಬಂಧುಗಳಿಂದ ಬಂದ ದಾನಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆಯಿಲ್ಲ. ಸ್ನೇಹಿತರಿಂದ ವರ್ಷಕ್ಕೆ 50,000 ರೂಪಾಯಿಗೆ ಮೀರಿ ಬಂದರೆ ತೆರಿಗೆಯುಂಟು. ಆಹ್ವಾನ ಬಂದ ಮೇಲೆ ಅರ್ಜಿ ಹಾಕಲು 60 ದಿನಗಳು ಮಾತ್ರ ಇರುವುವು. ಬ್ಯಾಂಕಿನ ಶಾಖೆಗಳಲ್ಲಿ ಇಂದಿನ ಶಿಲ್ಕನ್ನಷ್ಟೇ ಬರೆದ ಪತ್ರವನ್ನು ಕೊಟ್ಟುಬಿಡುವುದುಂಟಾದುದರಿಂದ, ಆರು ತಿಂಗಳ ಸರಾಸರಿಯೂ ಖಾತೆ ತೆರೆದ ದಿನವೂ ಬೇಕೆಂದು ಮೊದಲೇ ಹೋಗಿ ತಿಳಿಸಿಡುವುದು ಲೇಸು.

ನೆರೆಮನೆಯ ಹುಡುಗನು ಬ್ಯಾಂಕಿನ ಸಾಲದಿಂದಲೇ ಕೆನಡಾಕ್ಕೆ ಹೋದನಲ್ಲ ಎಂದು ಕೆಲವರು ಕೇಳುವರು. ಅವನು ಹೋದುದು ವಿದ್ಯಾರ್ಥಿಯಾಗಿ. ವಿದ್ಯಾರ್ಥಿಗೆ ವಿದ್ಯಾಸಾಲದ ಪತ್ರವು ಹಣದ ಸಾಕ್ಷಿಯಾಗಬಲ್ಲದು. ಖಾಯಂ ನಿವಾಸಕ್ಕೆ ಹೋಗುವ ಉದ್ಯೋಗಿಗೆ ಆಗದು. ಎರಡು ಬಾಗಿಲುಗಳ ನಿಯಮಗಳನ್ನು ಕಲಸಬಾರದು.

ಹಣವನ್ನು ಸಾಗಿಸುವಾಗಲೂ ಎಚ್ಚರವಿರಲಿ. ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಅಮೆರಿಕನ್ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ಆದರೆ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಇಂಥ ಕೆಲಸಕ್ಕೆ ಹತ್ತು ಲಕ್ಷ ರೂಪಾಯಿಗೆ ಮೀರಿ ಕಳುಹಿಸಿದರೆ, ಮೀರಿದ ಭಾಗದ ಮೇಲೆ ನೂರಕ್ಕೆ ಇಪ್ಪತ್ತರಂತೆ ಬ್ಯಾಂಕಿನವರು ತೆರಿಗೆಯನ್ನು ಮುಂಗಡವಾಗಿ ಹಿಡಿಯುವರು. ಹದಿನೇಳೂವರೆ ಲಕ್ಷವನ್ನು ಒಬ್ಬನೇ ಕಳುಹಿಸಿದರೆ ಒಂದೂವರೆ ಲಕ್ಷ ಹೀಗೆ ನಿಲ್ಲುವುದು. ವರ್ಷದ ಲೆಕ್ಕ ಒಪ್ಪಿಸುವಾಗ ಅದು ಹಿಂದಿರುಗಬಹುದಾದರೂ, ಹೊಸ ಊರಿನ ಮೊದಲ ತಿಂಗಳುಗಳಲ್ಲಿ ಕೈಗೆ ಸಿಕ್ಕದು. 10,000 ಕೆನಡಾ ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ಜೊತೆಯಲ್ಲಿ ಒಯ್ದರೆ ಇಳಿದ ಸ್ಥಳದಲ್ಲಿಯೇ ಸುಂಕದ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ತಿಳಿಸಿದ ಮಾತ್ರಕ್ಕೆ ಅದರ ಮೇಲೆ ತೆರಿಗೆಯಿಲ್ಲ. ಮರೆಮಾಚಿದರೆ ಹಣವನ್ನು ವಶಮಾಡಿಕೊಳ್ಳುವರು.

ಪಟ್ಟಿಯಲ್ಲಿರುವ ಮೊತ್ತವು ಸರ್ಕಾರವು ಒಪ್ಪುವ ಕನಿಷ್ಠವೇ ಹೊರತು ಸಂಸಾರಕ್ಕೆ ಸಾಕಾಗುವ ಮೊತ್ತವೆಂದು ತಿಳಿಯಬಾರದು. ಟೊರಾಂಟೊ, ವ್ಯಾಂಕೂವರ್‌ನಂತಹ ನಗರಗಳಲ್ಲಿ ಮನೆಬಾಡಿಗೆಯೇ ಅದರ ಬಹುಭಾಗವನ್ನು ನುಂಗುವುದು. ಎರವಲು ತಂದು ತೋರಿಸಿ ಹಿಂದಿರುಗಿಸಿದವನು ಅಧಿಕಾರಿಯ ಕಣ್ಣಿಗೆ ಬೀಳದೆ ದಾಟಿದನೆಂದೇ ಇಟ್ಟುಕೊಳ್ಳೋಣ. ಹಿಮ ಬೀಳುವ ಊರಿನಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು, ಕೆಲಸವಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ನಿಲ್ಲುವವನು ಅವನೇ. ಖಾಲಿ ಬುತ್ತಿಯನ್ನು ತುಂಬಿದ ಬುತ್ತಿಯೆಂದು ಕಾವಲುಗಾರನಿಗೆ ತೋರಿಸಬಹುದು, ಹಸಿದ ಮಕ್ಕಳಿಗೆ ತೋರಿಸಲಾಗದು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಮನಸ್ಸುಳ್ಳ ತಂದೆತಾಯಿಗಳು, ಹೊರಡುವುದಕ್ಕೆ ಎರಡು ವರ್ಷ ಮೊದಲೇ ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಹೆಣ್ಣುಮಕ್ಕಳ ಪಾಲನ್ನೂ ತಮ್ಮ ಮುಪ್ಪಿನ ಖರ್ಚನ್ನೂ ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಈ ಬುತ್ತಿಯನ್ನು ಕಟ್ಟಲು ತೊಡಗಲಿ ಎಂಬುದೇ ನಮ್ಮ ವಿನಂತಿ.