ಟ್ರ್ಯಾಕ್ಟರಿನ ಕ್ಲಚ್ಚು, ಗೇರು: ದೋಷವನ್ನು ಗುರುತಿಸುವ ಬಗೆ



ಕಡಿದ ಕಬ್ಬನ್ನು 24 ಗಂಟೆಗಳೊಳಗೆ ನುರಿಸಲು ಕಳುಹಿಸಬೇಕೆಂದು ಪ್ರತಿ ಹಂಗಾಮಿನಲ್ಲೂ ಹೇಳುತ್ತೇವೆ. ತಡವಾದಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಸಕ್ಕರೆಯ ಅಂಶವೂ ಕುಗ್ಗುತ್ತದೆ. ಹಿಂದೂಪುರ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗದ ಕಡೆಯ ಏರು ರಸ್ತೆಗಳಲ್ಲಿ ಹೇರು ತುಂಬಿದ ಟ್ರ್ಯಾಕ್ಟರು ನಿಂತುಬಿಟ್ಟರೆ ನಷ್ಟ ಬೆಳೆಗಾರನದೇ. ನಾನು ಓದಿದ್ದು ಕೃಷಿ, ಯಂತ್ರವಿದ್ಯೆಯಲ್ಲ. ಆದರೂ ಈ ಸರಳ ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು.

ಗೇರು ಹಾಕುವಾಗ ಕರಕರ ಸದ್ದು: ಕೂಡಲೇ ಗೇರ್ ಬಾಕ್ಸ್ ಬಿಚ್ಚಿಸಬೇಡಿ. ಎಂಜಿನ್ ನಿಲ್ಲಿಸಿ, ಕ್ಲಚ್ ತುಳಿದು ಎಲ್ಲಾ ಗೇರುಗಳನ್ನೂ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ಗೇರು ಬೀಳದಿದ್ದರೆ ಗಾಡಿಯನ್ನು ಸ್ವಲ್ಪ ಸರಿಸಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಸದ್ದು ಬಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಿರಿ. ಪೆಡಲಿನ ಸಡಿಲ ಹೆಚ್ಚಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಎಂಜಿನ್ ನಿಂತಾಗಲೂ ಗೇರು ಬಿಗಿಯಾಗಿದ್ದರೆ ದೋಷ ಗೇರಿನ ಸನ್ನೆ ಅಥವಾ ಒಳಗಿನ ಫೋರ್ಕಿನಲ್ಲಿರಬಹುದು.

ಕ್ಲಚ್ ಜಾರುವುದು: ಏರಿನಲ್ಲಿ ಎಂಜಿನ್ ಸದ್ದು ಏರಿದರೂ ಗಾಡಿಯ ವೇಗ ಏರದು, ಸುಟ್ಟ ವಾಸನೆ ಬರುತ್ತದೆ. ಪರೀಕ್ಷೆಗೆ ಟ್ರೇಲರ್ ಕಳಚಿ, ಸಮನೆಲದಲ್ಲಿ ಬ್ರೇಕು ಭದ್ರಪಡಿಸಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಮೇಲಿನ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ; ಕೂಡಲೇ ತುಳಿದುಬಿಡಿ, ಮತ್ತೆ ಮತ್ತೆ ಪರೀಕ್ಷಿಸಬೇಡಿ. ಪ್ಲೇಟು ಸವೆದಂತೆ ಪೆಡಲಿನ ಸಡಿಲ ಕಡಿಮೆಯಾಗುತ್ತ ಬರುತ್ತದೆ. ಆದ್ದರಿಂದ ಕಂಪನಿಯ ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲವನ್ನು ಆಗಾಗ್ಗೆ ಅಳೆದು ಸರಿಪಡಿಸಿ. ಸಡಿಲ ಸರಿಯಿದ್ದೂ ಜಾರಿದರೆ ಪ್ಲೇಟು ಸವೆದಿರಬಹುದು, ಇಲ್ಲವೆ ಸೀಲ್ ಸೋರಿ ಅದಕ್ಕೆ ಎಣ್ಣೆ ತಗುಲಿರಬಹುದು.

ಸದ್ದಿನ ಗುರುತು: ಪೆಡಲ್ ತುಳಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗನ್ನು ಶಂಕಿಸಿ. ನ್ಯೂಟ್ರಲಿನಲ್ಲಿ ಸದ್ದಿದ್ದು, ತುಳಿದೊಡನೆ ನಿಂತರೆ ಗೇರ್ ಬಾಕ್ಸಿನ ಬೇರಿಂಗ್ ಇರಬಹುದು.

ಗೇರು ತಾನೇ ಕಳಚುವುದು: ಗೇರನ್ನು ಹಿಡಿದಿಡುವ ಸ್ಪ್ರಿಂಗು, ಗುಂಡು ಅಥವಾ ಹಲ್ಲುಗಳು ಸವೆದಿರುತ್ತವೆ. ಹೇರು ತುಂಬಿ ಇಳಿಜಾರಿನಲ್ಲಿ ಹೀಗಾದರೆ ಎಂಜಿನಿನ ತಡೆ ತಪ್ಪಿ ಪ್ರಾಣಕ್ಕೇ ಅಪಾಯ. ದುರಸ್ತಿಯಾಗುವವರೆಗೆ ಆ ಗಾಡಿಗೆ ಕಬ್ಬು ಹೇರಬೇಡಿ.

ಗಮನಿಸಬೇಕಾದವು:

1. ಓಡಿಸುವಾಗ ಪೆಡಲಿನ ಮೇಲೆ ಕಾಲಿಟ್ಟುಕೊಳ್ಳಬೇಡಿ. ಪ್ಲೇಟು, ಬೇರಿಂಗು ಎರಡೂ ಬೇಗ ಸವೆಯುತ್ತವೆ.

2. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ, ಕ್ಲಚ್ಚನ್ನೂ ತುಳಿಯಬೇಡಿ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ.

3. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಡಿ ನಿಲ್ಲಿಸಿಯೇ ಗೇರು ಬದಲಿಸಿ.

4. ಬಹುಕಾಲ ನಿಲ್ಲಿಸುವುದಾದರೆ ಪೆಡಲ್ ಒತ್ತಿಹಿಡಿಯುವ ಕೊಕ್ಕೆಯಿದ್ದಲ್ಲಿ ಹಾಕಿ; ಪ್ಲೇಟು ತುಕ್ಕಿಗೆ ಅಂಟಿಕೊಳ್ಳುವುದಿಲ್ಲ.

ಕಟಾವಿನ ಸರದಿ ಬರುವ ಮುನ್ನವೇ ಅರ್ಧ ದಿನ ಬಿಡುವು ಮಾಡಿಕೊಂಡು ಇವನ್ನು ನೋಡಿ. ಮೆಕ್ಯಾನಿಕ್ಕಿನ ಬಳಿ ಹೋದಾಗ "ಗೇರು ಕೆಟ್ಟಿದೆ" ಎಂದಷ್ಟೇ ಹೇಳದೆ, ಯಾವಾಗ, ಯಾವ ಗೇರಿನಲ್ಲಿ, ಕ್ಲಚ್ ತುಳಿದಾಗಲೋ ಬಿಟ್ಟಾಗಲೋ ಎಂಬುದನ್ನು ತಿಳಿಸಿ. ಬೇಡದ ಬಿಚ್ಚಾಟ ತಪ್ಪುತ್ತದೆ, ಕಬ್ಬೂ ಹೊತ್ತಿಗೆ ಸರಿಯಾಗಿ ಕಾರ್ಖಾನೆ ಸೇರುತ್ತದೆ.